ತಿದ್ದಲೊಲ್ಲದ ಕಡತ: ಕಾರಣವನ್ನು ಹುಡುಕುವ ಬಗೆ

ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧವನ್ನು ಕಂಪ್ಯೂಟರಿನಲ್ಲಿ ಬರೆದಿರಿಸಿದ್ದಾನೆ. ನಾಳೆ ಅದನ್ನು ಒಪ್ಪಿಸಬೇಕು. ಈ ರಾತ್ರಿ ಕಡತವನ್ನು ತೆರೆದರೆ ಬರೆಹವೆಲ್ಲ ಕಾಣುತ್ತದೆ. ಆದರೆ ಕೀಲಿಯನ್ನೊತ್ತಿದರೆ ಒಂದಕ್ಷರವೂ ಮೂಡುವುದಿಲ್ಲ. ಇಂತಹ ವೇಳೆಯಲ್ಲಿ ಕಡತವೇ ಕೆಟ್ಟಿತೆಂದು ಗಾಬರಿಗೊಳ್ಳುವವರುಂಟು. ಗಾಬರಿಯನ್ನು ಬಿಟ್ಟು, ಕಾರಣವೇನೆಂಬುದನ್ನು ನಾವು ಕ್ರಮವಾಗಿ ವಿಚಾರಿಸೋಣ.

ಇಲ್ಲಿ ಮೂರು ವಸ್ತುಗಳಿವೆ: ಕೀಲಿಮಣೆ, ತಂತ್ರಾಂಶ ಮತ್ತು ಕಡತ. ದೋಷವು ಇವುಗಳಲ್ಲಿ ಯಾವುದರದು? ಮೊದಲು ನೋಟ್‌ಪ್ಯಾಡಿನಂತಹ ಬೇರೊಂದು ತಂತ್ರಾಂಶದಲ್ಲಿ ನಾಲ್ಕು ಅಕ್ಷರ ಬರೆದು ನೋಡಬೇಕು. ಅಲ್ಲಿ ಅಕ್ಷರ ಮೂಡಿದರೆ ಕೀಲಿಮಣೆ ನಿರ್ದೋಷಿ. ಅನಂತರ ಮೊದಲಿನ ತಂತ್ರಾಂಶದಲ್ಲಿಯೇ ಹೊಸ ಕಡತವನ್ನು ತೆರೆದು ಬರೆಯಬೇಕು. ಬರೆಯಲಾದರೆ ತೊಡಕಿರುವುದು ಹಳೆಯ ಕಡತದಲ್ಲಿ, ಆಗದಿದ್ದರೆ ತಂತ್ರಾಂಶದಲ್ಲಿ.

ಕಡತದ ತೊಡಕುಗಳು ಬಹುಮಟ್ಟಿಗೆ ಸುಲಭವಾದವು. ಅಂತರಜಾಲದಿಂದ ಬಂದ ಕಡತವನ್ನು ಮೈಕ್ರೋಸಾಫ್ಟ್ ವರ್ಡ್ ತನ್ನ 2010ರ ಆವೃತ್ತಿಯಿಂದೀಚೆಗೆ ರಕ್ಷಿತ ನೋಟದಲ್ಲಿ ತೆರೆಯುತ್ತದೆ. ಕಳುಹಿಸಿದವರು ನಂಬಿಕೆಗೆ ಅರ್ಹರಾಗಿದ್ದರೆ ಮೇಲಿನ ಪಟ್ಟಿಯಲ್ಲಿರುವ ‘ಎನೇಬಲ್ ಎಡಿಟಿಂಗ್’ ಗುಂಡಿಯನ್ನು ಒತ್ತಿದರೆ ಸಾಕು. ಕಡತವು ‘ಓದಲು ಮಾತ್ರ’ ಎಂದು ಗುರುತಾಗಿದ್ದರೆ ಬೇರೆ ಹೆಸರಿನಲ್ಲಿ ಉಳಿಸಿಕೊಂಡು ತಿದ್ದಬಹುದು.

ತಂತ್ರಾಂಶದ ತೊಡಕಾದರೋ, ಅದು ಪ್ರಾಯೋಗಿಕ ಆವೃತ್ತಿಯೇ ಎಂಬುದನ್ನು ನೋಡಬೇಕು. ಕೊಳ್ಳುವ ಮುನ್ನ ಕೆಲವು ದಿನ ಬಳಸಿ ನೋಡಲೆಂದು ಕೊಟ್ಟ ಇಂತಹ ತಂತ್ರಾಂಶಕ್ಕೆ ಅವಧಿಯೊಂದು ಗೊತ್ತಾಗಿರುತ್ತದೆ. ಅವಧಿ ಮುಗಿದ ಮೇಲೆ ವರ್ಡ್ ಕಡತವನ್ನು ತೆರೆಯಲು ಮತ್ತು ಮುದ್ರಿಸಲು ಬಿಡುತ್ತದೆ. ಬರೆಯಲು, ತಿದ್ದಲು ಬಿಡುವುದಿಲ್ಲ. ಬರೆಹವೇನೋ ಕ್ಷೇಮವಾಗಿಯೇ ಇರುತ್ತದೆ. ಮುಚ್ಚಿದ್ದು ಉಪಕರಣ ಮಾತ್ರ. ‘ಫೈಲ್’ ಮೆನುವಿನ ‘ಅಕೌಂಟ್’ ಪುಟದಲ್ಲಿ ಪರವಾನಗಿಯ ಸ್ಥಿತಿ ತಿಳಿಯುತ್ತದೆ. ಹಣ ತೆತ್ತ ಮೇಲೂ ತೊಡಕು ಉಳಿದಿದ್ದರೆ, ಕೊಂಡ ಖಾತೆಯಿಂದಲೇ ಪ್ರವೇಶಿಸಿರುವೆವೋ ಎಂದು ಪರೀಕ್ಷಿಸಬೇಕು. ಬೀಗ ಮುರಿಯುವುದಾಗಿ ಹೇಳುವ ಕಳ್ಳ ತಂತ್ರಾಂಶಗಳ ಗೊಡವೆ ಬೇಡ. ಅವುಗಳೊಡನೆ ವೈರಸ್ಸು ಬರುವುದುಂಟು.

ಕೊಳ್ಳಲಾರದವನು ಏನು ಮಾಡಬೇಕು? ವರ್ಡ್ 2007ರಿಂದ ಬಳಸುತ್ತಿರುವ ‘ಡಾಕ್ಸ್’ ಕಡತದ ರಚನೆ ಗುಟ್ಟಾದುದಲ್ಲ. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾಯಿತು. ಆದುದರಿಂದ ಇತರ ತಂತ್ರಾಂಶಗಳೂ ಅದನ್ನು ಓದಬಲ್ಲವು. ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ರೈಟರಿನಲ್ಲಿ ಅದೇ ಪ್ರಬಂಧವನ್ನು ತೆರೆದು ತಿದ್ದಬಹುದು. ಪುಟಗಳ ವಿನ್ಯಾಸ ತುಸು ಹೆಚ್ಚುಕಡಮೆಯಾಗಬಹುದಾದ ಕಾರಣ, ಮೊದಲು ಕಡತದ ಪ್ರತಿಯೊಂದನ್ನು ತೆಗೆದಿರಿಸಿಕೊಳ್ಳುವುದು ಲೇಸು.

ಪ್ರಯೋಗಶಾಲೆಯಲ್ಲಿ ನಾವು ಒಂದು ಬಾರಿಗೆ ಒಂದು ಅಂಶವನ್ನು ಮಾತ್ರ ಬದಲಿಸಿ ಫಲವನ್ನು ನೋಡುತ್ತೇವಲ್ಲವೆ? ಇಲ್ಲಿಯೂ ಅದೇ ಕ್ರಮ. ಎಲ್ಲವನ್ನೂ ಒಮ್ಮೆಗೇ ಅಳಿಸಿ ಮತ್ತೆ ಹಾಕಿದವನಿಗೆ ತೊಡಕು ತೀರಿದರೂ ಕಾರಣ ತಿಳಿಯದು. ಕಾರಣ ತಿಳಿಯದ ತೊಡಕು ಇನ್ನೊಂದು ಪರೀಕ್ಷೆಯ ಹಿಂದಿನ ರಾತ್ರಿ ಮತ್ತೆ ಬಂದೀತು.