ಮಂಜಿನಲ್ಲಿ ಯಾರಿಗೆ ಯಾರು ಕಾಣುವುದಿಲ್ಲ?



ಭಾನುವಾರ ಕನ್ನಡ ತರಗತಿ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಏಳೆಂಟು ಮಕ್ಕಳು ಒಂದು ಮೇಜಿನ ಸುತ್ತ ಕೂತು ಕೂಗಾಡುವುದನ್ನು ನೀವು ನೋಡಿರಬಹುದು. ಅದು ಜಗಳ ಅಲ್ಲ. (ಕೆಲವು ಸಲ ಜಗಳವೇ.) ಅವರು ಆಡುತ್ತಿರುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ರೂಪಿಸಿದ ಈ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಪ್ರಕಟವಾಯಿತು. ಒಬ್ಬೊಬ್ಬ ಆಟಗಾರ ಒಂದೊಂದು ಪಾತ್ರ: ಬಿಲ್ಲುಗಾರ, ಮಾಂತ್ರಿಕಳು, ಕಳ್ಳ, ಹೀಗೆ. ಕಥೆ ನಡೆಸುವವರು ಒಬ್ಬರು. ಅವರಿಗೆ ‘ಡಿಎಂ’ ಅನ್ನುತ್ತಾರೆ. ಯಕ್ಷಗಾನದಲ್ಲಿ ಭಾಗವತರಿದ್ದ ಹಾಗೆ ಅಂದುಕೊಳ್ಳಿ, ಆದರೆ ಇಲ್ಲಿ ಭಾಗವತರಿಗೂ ಕಥೆ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿರುವುದಿಲ್ಲ. ಹೊಡೆದ ಏಟು ತಾಗಿತೋ ಇಲ್ಲವೋ ಅಂತ ಹೇಳುವುದು ಇಪ್ಪತ್ತು ಮುಖದ ದಾಳ.

ನಮ್ಮ ಮೇಜಿಗೆ ಡಿಎಂ ನಾನು. ಈ ಪಾಠ ಹುಟ್ಟಿದ್ದು ನಾನು ಮಾಡಿದ ಒಂದು ತಪ್ಪಿನಿಂದ.

ಮೊದಲು ನಿಯಮ ಹೇಳಿಬಿಡುತ್ತೇನೆ. ನಾವು ಆಡುವುದು 2014ರ ಪುಸ್ತಕ. ಅದರಲ್ಲಿ ‘ಅಡ್ವಾಂಟೇಜ್’, ‘ಡಿಸ್‌ಅಡ್ವಾಂಟೇಜ್’ ಅಂತ ಎರಡು ಮಾತಿವೆ. ನಮ್ಮ ಮೇಜಿನಲ್ಲಿ ಅನುಕೂಲ, ಪ್ರತಿಕೂಲ ಅನ್ನುತ್ತೇವೆ. ಅನುಕೂಲ ಇದ್ದರೆ ದಾಳವನ್ನು ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬೇಕು. ಪ್ರತಿಕೂಲ ಇದ್ದರೆ ಎರಡು ಸಲ ಹಾಕಿ ಸಣ್ಣದನ್ನು. ಗುರಿ ನಿಮಗೆ ಕಾಣದಿದ್ದರೆ ನಿಮಗೆ ಪ್ರತಿಕೂಲ. ಕಣ್ಣು ಕಟ್ಟಿಕೊಂಡು ಬಾಣ ಬಿಟ್ಟ ಹಾಗೆ, ಇದು ಯಾರಿಗಾದರೂ ಅರ್ಥವಾಗುತ್ತದೆ.

ಕಳೆದ ಚಳಿಗಾಲದ ಒಂದು ಭಾನುವಾರ ನಮ್ಮ ತಂಡ ದಟ್ಟ ಮಂಜು ಕವಿದ ಒಂದು ಜೌಗು ನೆಲದಲ್ಲಿ ಸಿಕ್ಕಿಬಿದ್ದಿತ್ತು. ಎದುರಿಗೆ ಒಬ್ಬ ಹಾಬ್‌ಗಾಬ್ಲಿನ್, ಸರಪಳಿ ಅಂಗಿ, ಕೈಯಲ್ಲಿ ಗುರಾಣಿ. ಅವನಿಗೆ ಉಳಿದಿದ್ದ ಜೀವಾಂಕ 4. ಅವನ ಕಾಲಬುಡದಲ್ಲಿ ನಮ್ಮ ಮಾಂತ್ರಿಕಳು ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಸಾವಿನ ದಾಳದಲ್ಲಿ ಆಗಲೇ ಒಂದು ಸೋಲು. ಮೂರು ಸೋಲಾದರೆ ಪಾತ್ರ ಸತ್ತ ಹಾಗೆ. ಬಿಲ್ಲುಗಾರ ನಮ್ಮ ಆರನೇ ತರಗತಿಯ ಹುಡುಗ. ಸರಪಳಿಯ ಸದ್ದು ಕೇಳಿ ಬಾಣ ಬಿಡುತ್ತೇನೆ ಅಂದ. ತಾಗಬೇಕಾದರೆ ದಾಳದಲ್ಲಿ 13 ಅಥವಾ ಮೇಲೆ ಬರಬೇಕು. ತಾಗಿದರೆ ಕನಿಷ್ಠ 4 ಪೆಟ್ಟು, ಅಂದರೆ ಹಾಬ್‌ಗಾಬ್ಲಿನ್ ಅಲ್ಲಿಗೆ ಮುಗಿದ.

ದಾಳ ಹಾಕಿದ. 17. ಎಲ್ಲರೂ ಎದ್ದು ಕುಣಿದರು. ನಾನು ಹೇಳಿದೆ, “ಮಂಜಿದೆಯಲ್ಲಪ್ಪಾ, ಪ್ರತಿಕೂಲ. ಇನ್ನೊಂದು ಸಲ ಹಾಕು.” ಹಾಕಿದ. 6. ಸಣ್ಣದು ಲೆಕ್ಕಕ್ಕೆ, ಬಾಣ ಕೆಸರಿಗೆ. ಮುಂದಿನ ಸರದಿಯಲ್ಲಿ ಹಾಬ್‌ಗಾಬ್ಲಿನ್ ಬಿದ್ದಿದ್ದವಳ ಮೇಲೆ ಕತ್ತಿ ಬೀಸಿದ. ಪ್ರಜ್ಞೆ ಇಲ್ಲದವರಿಗೆ ಐದು ಅಡಿಯೊಳಗಿಂದ ಬಿದ್ದ ಏಟು ತಾನಾಗಿಯೇ ‘ಕ್ರಿಟಿಕಲ್’, ಅದಕ್ಕೆ ಎರಡು ಸೋಲು. ಒಂದು, ಎರಡು, ಮೂರು. ಮಾಂತ್ರಿಕಳು ಸತ್ತಳು. ಆ ಪಾತ್ರವನ್ನು ಎಂಟು ತಿಂಗಳು ಆಡಿಸಿದ್ದ ಹುಡುಗಿ ಏನೂ ಮಾತಾಡದೆ ತನ್ನ ಹಾಳೆಯನ್ನು ನಾಲ್ಕು ಮಡಿಕೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಬಿಲ್ಲುಗಾರ ಮುಂದಿನ ಎರಡು ವಾರ ಆಟಕ್ಕೆ ಬರಲಿಲ್ಲ. ತರಗತಿಗೆ ಮಾತ್ರ ಬರುತ್ತಿದ್ದ, ಮುಗಿದ ಕೂಡಲೇ ಅಪ್ಪನ ಕಾರು ಹತ್ತುತ್ತಿದ್ದ.

ಆ ಹೊತ್ತಿನಲ್ಲಿ ತರಗತಿಯಲ್ಲಿ ವಿಭಕ್ತಿ ಪ್ರತ್ಯಯ ನಡೆಯುತ್ತಿತ್ತು. ಚತುರ್ಥಿಗೆ, ಅಂದರೆ ‘ಗೆ, ಕ್ಕೆ’ ಬರುವ ಹಾಗೆ, ಮೂರು ಸ್ವಂತ ವಾಕ್ಯ ಬರೆದು ತನ್ನಿ ಅಂತ ಮನೆಗೆಲಸ. ಟೀಚರ್ ಒಂದು ಪುಸ್ತಕ ತಂದು ನಗುತ್ತಾ ನನ್ನ ಕೈಗಿಟ್ಟರು. ಅದರಲ್ಲಿ ಹೀಗಿತ್ತು:

ಬಿಲ್ಲುಗಾರನಿಗೆ ಹಾಬ್‌ಗಾಬ್ಲಿನ್ ಕಾಣುವುದಿಲ್ಲ.
ಹಾಬ್‌ಗಾಬ್ಲಿನ್‌ಗೆ ಬಿಲ್ಲುಗಾರ ಕಾಣುವುದಿಲ್ಲ.
ಅಂಕಲ್‌ಗೆ ಎರಡನೇ ವಾಕ್ಯ ಕಾಣಲಿಲ್ಲ.

ರಾತ್ರಿ ಮನೆಯಲ್ಲಿ ಪುಸ್ತಕ ತೆಗೆದು ನೋಡಿದೆ. ಹುಡುಗ ಹೇಳಿದ್ದೇ ಸರಿ. ಗುರಿ ನಿಮಗೆ ಕಾಣದಿದ್ದರೆ ಪ್ರತಿಕೂಲ ಅನ್ನುವ ವಾಕ್ಯದ ಹಿಂದೆಯೇ ಇನ್ನೊಂದು ನಿಯಮ ಇದೆ: ಗುರಿಗೆ ನೀವು ಕಾಣದಿದ್ದರೆ ನಿಮಗೆ ಅನುಕೂಲ. ಎಲ್ಲಿಂದ ಬಾಣ ಬರುತ್ತಿದೆ ಅಂತ ಗೊತ್ತಾಗದವನು ತಪ್ಪಿಸಿಕೊಳ್ಳುವುದು ಹೇಗೆ? ಮಂಜು ಇಬ್ಬರಿಗೂ ಮಂಜೇ. ಅನುಕೂಲವೂ ಇದೆ, ಪ್ರತಿಕೂಲವೂ ಇದೆ, ಎರಡೂ ಇದ್ದರೆ ಒಂದನ್ನೊಂದು ಅಳಿಸಿಹಾಕುತ್ತವೆ. ದಾಳ ಒಂದೇ ಸಲ. 17.

ಲೆಕ್ಕ ಇಷ್ಟಪಡುವವರಿಗೆ: 13ರಿಂದ 20ರವರೆಗೆ ಎಂಟು ಮುಖ, ಇಪ್ಪತ್ತರಲ್ಲಿ ಎಂಟು ಅಂದರೆ ಶೇಕಡಾ 40. ಪ್ರತಿಕೂಲದಲ್ಲಿ ಎರಡೂ ಸಲ ಗೆಲ್ಲಬೇಕು, 0.4 ಗುಣಿಸು 0.4, ಶೇಕಡಾ 16. ಅನುಕೂಲದಲ್ಲಿ ಎರಡೂ ಸಲ ಸೋತರೆ ಮಾತ್ರ ಸೋಲು, 0.6 ಗುಣಿಸು 0.6 ಅಂದರೆ 36, ಹಾಗಾಗಿ ಗೆಲುವು ಶೇಕಡಾ 64. ನಾನು ಒಂದು ವಾಕ್ಯ ಓದದೆ ಆ ಹುಡುಗನ 40ನ್ನು 16 ಮಾಡಿದ್ದೆ.

ಇಂಗ್ಲಿಷಿನಲ್ಲಿ ‘ಅನ್‌ಸೀನ್’ ಅಂತ ಒಂದು ಪದ ಹೇಳಿದರೆ ಮುಗಿಯಿತು. ಯಾರು ಯಾರಿಗೆ ಕಾಣುವುದಿಲ್ಲ ಅನ್ನುವುದು ಆ ಪದದೊಳಗೆ ಅಡಗಿಕೊಳ್ಳುತ್ತದೆ. ಕನ್ನಡದಲ್ಲಿ ‘ಕಾಣು’ ಅಂದ ಕೂಡಲೇ ‘ಯಾರಿಗೆ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ‘ಗೆ’ಯನ್ನು ಅತ್ತಿಂದಿತ್ತ ಬದಲಿಸಿದರೆ ಎರಡನೇ ನಿಯಮ ಎದುರಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಈಗ ನಮ್ಮ ಮೇಜಿನಲ್ಲಿ ವಾದ ಎದ್ದರೆ ಮೊದಲ ಕೆಲಸ, ನಿಯಮವನ್ನು ಕನ್ನಡದಲ್ಲಿ ಪೂರ್ತಿ ವಾಕ್ಯವಾಗಿ ಹೇಳುವುದು.

ಈ ಅಳಿಸಿಹಾಕುವ ನಿಯಮದಲ್ಲಿ ಇನ್ನೊಂದು ತಮಾಷೆ ಇದೆ. ದೂರದ ಗುರಿಗೂ ಪ್ರತಿಕೂಲ ಉಂಟು. ಉದ್ದ ಬಿಲ್ಲಿಗೆ 150 ಅಡಿ ದಾಟಿದರೆ, 600 ಅಡಿಯವರೆಗೆ. ಹಾಗಾದರೆ ಮಂಜಿನಲ್ಲಿ 300 ಅಡಿ ಆಚೆಗೆ ಬಾಣ ಬಿಟ್ಟರೆ? ಪ್ರತಿಕೂಲ ಎರಡು, ಅನುಕೂಲ ಒಂದು. ‘ಎರಡರಲ್ಲಿ ಒಂದು ಕಳೆದರೆ ಒಂದು ಪ್ರತಿಕೂಲ ಉಳಿಯಿತು’ ಅಂತ ಮಕ್ಕಳು ಲೆಕ್ಕ ಹಾಕುತ್ತಾರೆ. ಇಲ್ಲ. ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ: ಎಷ್ಟೇ ಇರಲಿ, ಎರಡೂ ಕಡೆ ಒಂದೊಂದಾದರೂ ಇದ್ದರೆ ಎಲ್ಲವೂ ಹೋಯಿತು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕಾದರೆ ಇದು ಕೌಂಟರ್ ಅಲ್ಲ, ಸ್ವಿಚ್. ಹಾಗಾಗಿ, ನಿಯಮದ ಪ್ರಕಾರ, ಬಿಸಿಲಿನಲ್ಲಿ 300 ಅಡಿಗೆ ಬಾಣ ಬಿಡುವುದಕ್ಕಿಂತ ಮಂಜಿನಲ್ಲಿ ಬಿಡುವುದೇ ಸುಲಭ! ಇದು ನನಗೂ ಒಪ್ಪಿಗೆ ಇಲ್ಲ. ಆದರೆ ಅದಕ್ಕೆ ಮದ್ದು ಪುಸ್ತಕದಲ್ಲೇ ಇದೆ. ಕಾಣದ ಗುರಿಗೆ ಹೊಡೆಯುವಾಗ ಅದು ಎಲ್ಲಿದೆ ಅಂತ ನೀವು ಊಹಿಸಿದ ಜಾಗ ತಪ್ಪಾಗಿದ್ದರೆ ದಾಳ ಏನೇ ಬೀಳಲಿ, ಬಾಣ ತಾಗುವುದಿಲ್ಲ. ಹತ್ತಿರದಲ್ಲಿ ಸರಪಳಿ ಸದ್ದು ಕೇಳುತ್ತದೆ. 300 ಅಡಿ ಆಚೆ ಕೇಳುತ್ತದೆಯೇ? ಅದನ್ನು ಡಿಎಂ ನಿರ್ಧರಿಸಬೇಕು.

ಸತ್ತ ಮಾಂತ್ರಿಕಳ ಕಥೆ ಏನಾಯಿತು ಅಂತ ಕೇಳುತ್ತೀರಿ. ಮುಂದಿನ ಭಾನುವಾರ ಮೇಜಿನ ಮುಂದೆ ನಿಂತು, ತಪ್ಪು ನನ್ನದು ಅಂದೆ. ಕಥೆಯನ್ನು ಹಿಂದಕ್ಕೆ ತಿರುಗಿಸೋಣ ಅಂತ ಇಬ್ಬರು, ಬೇಡ, ಆಮೇಲೆ ನಡೆದದ್ದೆಲ್ಲ ಸುಳ್ಳಾಗುತ್ತದೆ ಅಂತ ಮೂವರು. ಹುಡುಗಿಯನ್ನೇ ಕೇಳಿದೆ. “ಹಿಂದಕ್ಕೆ ಬೇಡ ಅಂಕಲ್. ಆದರೆ ಅವಳು ಬೇಕು,” ಅಂದಳು. ಆಟದಲ್ಲಿ ‘ರೇಯ್ಸ್ ಡೆಡ್’ ಅನ್ನುವ ಮಂತ್ರ ಇದೆ. ಸತ್ತು ಹತ್ತು ದಿನದೊಳಗಾಗಿರಬೇಕು, 500 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ಕಥೆಯಲ್ಲಿ ಮೂರು ದಿನವಷ್ಟೇ ಕಳೆದಿತ್ತು. ಹತ್ತಿರದ ಗುಡಿಯಲ್ಲಿ ಮಂತ್ರ ಬಲ್ಲ ಅರ್ಚಕರೊಬ್ಬರಿದ್ದರು. ವಜ್ರ ಹಾಬ್‌ಗಾಬ್ಲಿನ್‌ನ ಚೀಲದಲ್ಲಿ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಬಂತು ಅಂತ ಯಾರೂ ಕೇಳಲಿಲ್ಲ. ಬಿಲ್ಲುಗಾರ ಮಾತ್ರ ನನ್ನ ಮುಖ ನೋಡಿ ನಕ್ಕ.

ಈಗ ಇನ್ನೊಂದು ಗಂಟು, ಇದು ವ್ಯಾಕರಣದವರಿಗೆ ಇನ್ನೂ ರುಚಿ. ‘ಪ್ಯಾಲಡಿನ್’ ಅನ್ನುವ ಯೋಧ ಏಟು ಹಾಕಿದಾಗ ದೈವಬಲವನ್ನೂ ಸೇರಿಸಬಹುದು. ಬರಿಗೈಯಲ್ಲಿ ಗುದ್ದಿದರೂ ಸೇರಿಸಬಹುದೇ? 2014ರ ಪುಸ್ತಕ ‘ಮೆಲೀ ವೆಪನ್ ಅಟ್ಯಾಕ್’ ಇರಬೇಕು ಅನ್ನುತ್ತದೆ. ವಿಚಿತ್ರ ಅಂದರೆ ಆ ಪುಸ್ತಕದಲ್ಲಿ ಬರಿಗೈ ಗುದ್ದೂ ‘ಮೆಲೀ ವೆಪನ್ ಅಟ್ಯಾಕ್’ ಅನ್ನುವ ಗುಂಪಿಗೇ ಸೇರುತ್ತದೆ, ಆದರೆ ಮುಷ್ಟಿ ಆಯುಧ ಅಲ್ಲ! ಇದನ್ನು ‘ಆಯುಧಹೊಡೆತ’ ಅಂತ ಸಮಾಸ ಮಾಡಿ ನೋಡಿ. ಸಮಾಸದಲ್ಲಿ ವಿಭಕ್ತಿ ಬಿದ್ದುಹೋಗುತ್ತದೆ. ‘ಅರಮನೆ’ ಅಂದರೆ ಅರಸನ ಮನೆ ಅಂತ ನಾವು ಬಿಡಿಸಿ ಹೇಳುತ್ತೇವೆ, ಷಷ್ಠಿ. ಹಾಗೆಯೇ ಇದನ್ನು ಬಿಡಿಸಿದರೆ ಆಯುಧದಿಂದ ಹೊಡೆತವೋ, ಆಯುಧದ ಜಾತಿಯ ಹೊಡೆತವೋ? ‘ಇಂದ’ ಆದರೆ ಮುಷ್ಟಿ ಹೊರಗೆ. ‘ಜಾತಿಯ’ ಆದರೆ, ಅಂದರೆ ಮಂತ್ರದ ಹೊಡೆತ ಅಲ್ಲದ್ದು ಅಂತ ಅರ್ಥ ಮಾಡಿದರೆ, ಮುಷ್ಟಿ ಒಳಗೆ. ಪುಸ್ತಕದ ಲೆಕ್ಕ ಎರಡನೆಯದು. ಆದರೆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ, ಮುಂದೆ ‘ಆಯುಧದ ಪೆಟ್ಟಿನ ಜೊತೆಗೆ’ ಅಂತ ಇದೆ. ಆಯುಧವೇ ಇಲ್ಲದಿದ್ದರೆ ಅದರ ಪೆಟ್ಟು ಎಲ್ಲಿಂದ ಬರಬೇಕು? ಇಂಥ ಪ್ರಶ್ನೆಗಳಿಗೆ ಆಟ ಮಾಡಿದವರೇ ‘ಸೇಜ್ ಅಡ್ವೈಸ್’ ಎಂಬ ಹೆಸರಿನಲ್ಲಿ ಉತ್ತರ ಕೊಡುತ್ತಾರೆ. ಅವರ ಉತ್ತರವೂ ಇದೇ: ಗುದ್ದಿಗೆ ಇಲ್ಲ, ಆದರೆ ಡಿಎಂ ಬಿಟ್ಟುಕೊಟ್ಟರೆ ಆಟವೇನೂ ಕೆಡುವುದಿಲ್ಲ. 2024ರ ಹೊಸ ಪುಸ್ತಕದಲ್ಲಿ ‘ಬರಿಗೈ ಏಟಾದರೂ ಸರಿ’ ಅಂತ ಬಿಡಿಸಿಯೇ ಬರೆದುಬಿಟ್ಟರು. ಹತ್ತು ವರ್ಷದ ವಾದ ಒಂದು ಸಾಲಿನಲ್ಲಿ ಮುಗಿಯಿತು.

ಇನ್ನು 20 ಬಿದ್ದರೆ ಏನು ಕೇಳಿದರೂ ಆಗುತ್ತದೆ ಅಂತ ನಂಬಿರುವವರಿಗೆ ಒಂದೇ ಮಾತು. ಹೊಡೆಯುವಾಗ 20 ಬಿದ್ದರೆ ಏಟು ತಾಗಿಯೇ ತಾಗುತ್ತದೆ, ನಿಜ. ರಾಜನ ಹತ್ತಿರ ಕಿರೀಟ ಕೇಳುವಾಗ 20 ಬಿದ್ದರೆ ರಾಜ ನಗಬಹುದು, ಅಷ್ಟೇ. ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಆಟದಲ್ಲಿ 20 ಯಾವಾಗಲೂ ಗೆಲ್ಲುತ್ತದೆ. ನಿಮ್ಮ ಅಣ್ಣಂದಿರು ಅಲ್ಲಿಂದ ಕಲಿತು ಬಂದಿರುತ್ತಾರೆ.

ಇದನ್ನೆಲ್ಲ ಓದಿ ಕೆಲವು ಅಮ್ಮಂದಿರು ‘ಆಟಕ್ಕೆ ಇಷ್ಟೊಂದು ಕೋರ್ಟೇ?’ ಅನ್ನಬಹುದು. ನಮ್ಮ ಚೌಕಾಬಾರದಲ್ಲಿ ಇರಲಿಲ್ಲವೇ? ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಅಂತ ಒಂದು ಮನೆ, ಹೋಗಬಹುದು ಅಂತ ಪಕ್ಕದ ಮನೆ. ರಜೆಗೆ ಬಂದ ನೆಂಟರ ಮಕ್ಕಳ ಜೊತೆ ಆಡುವಾಗ ಮೊದಲು ಇದು ಇತ್ಯರ್ಥ ಆಗಬೇಕಿತ್ತು, ಆಮೇಲೆ ಕವಡೆ. ಆಗ ಪುಸ್ತಕ ಇರಲಿಲ್ಲ, ಅಜ್ಜಿ ಇದ್ದರು.

ನಮ್ಮ ಮೇಜಿನ ಪದ್ಧತಿ ಹೀಗಿದೆ. ವಾದಕ್ಕೆ ಮೂರು ನಿಮಿಷ, ಗಡಿಯಾರ ಇಟ್ಟು. ಸಾಮಾನ್ಯ ನಿಯಮಕ್ಕೂ ವಿಶೇಷ ನಿಯಮಕ್ಕೂ ಜಗಳ ಬಂದರೆ ವಿಶೇಷ ಗೆಲ್ಲುತ್ತದೆ, ಇದು ಪುಸ್ತಕವೇ ಹೇಳಿದ್ದು. ಮೂರು ನಿಮಿಷದಲ್ಲಿ ತೀರದಿದ್ದರೆ ಡಿಎಂ ಹೇಳಿದ್ದು ಆ ದಿನಕ್ಕೆ ನಡೆಯುತ್ತದೆ, ಮನೆಗೆ ಹೋಗಿ ಓದಿ ಬರಬಹುದು. ಒಂದು ಪಾತ್ರದ ಜೀವ ಹೋಗುವ ಪ್ರಶ್ನೆಯಾದರೆ ಮಾತ್ರ ಗಡಿಯಾರ ಇಲ್ಲ. ಪುಸ್ತಕ ತೆರೆದು, ಮುಂದಿನ ವಾಕ್ಯವನ್ನೂ ಓದಿ, ಆಮೇಲೆ ದಾಳ. ಈ ಕೊನೆಯದನ್ನು ಸೇರಿಸಿದ್ದು ಬಿಲ್ಲುಗಾರ.

ಅಭ್ಯಾಸ (ಉತ್ತರವನ್ನು ಭಾನುವಾರ ನನ್ನ ಹತ್ತಿರ ಬಂದು ಕನ್ನಡದಲ್ಲೇ ಹೇಳಬೇಕು)

1. ಕಳ್ಳನ ‘ಸ್ನೀಕ್ ಅಟ್ಯಾಕ್’ ‘ಪ್ರತಿ ಸರದಿಗೆ ಒಮ್ಮೆ’ ಅಂತ ಇದೆ. ತನ್ನ ಸರದಿಯಲ್ಲಿ ಅವನು ಅದನ್ನು ಬಳಸಿಯಾಯಿತು. ಆಮೇಲೆ ಶತ್ರುವಿನ ಸರದಿಯಲ್ಲಿ ಶತ್ರು ಓಡಿಹೋಗುವಾಗ ಕಳ್ಳನಿಗೆ ಒಂದು ಏಟಿನ ಅವಕಾಶ ಸಿಕ್ಕಿತು. ಉಳಿದ ಷರತ್ತೆಲ್ಲ ಸರಿಯಿದ್ದರೆ ಮತ್ತೆ ಬಳಸಬಹುದೇ? ‘ಪ್ರತಿ ಸರದಿಗೆ’, ‘ನಿನ್ನ ಸರದಿಯಲ್ಲಿ’, ‘ಪ್ರತಿ ಸುತ್ತಿಗೆ’ ಈ ಮೂರನ್ನೂ ಪಕ್ಕಪಕ್ಕ ಬರೆದು ನೋಡಿ.

2. ಮಂತ್ರದ ಮೇಲೆ ಏಕಾಗ್ರತೆ ಇಟ್ಟಿರುವಾಗ ಪೆಟ್ಟು ಬಿದ್ದರೆ, 10 ಅಥವಾ ಪೆಟ್ಟಿನ ಅರ್ಧ, ಇವೆರಡರಲ್ಲಿ ಯಾವುದು ದೊಡ್ಡದೋ ಅಷ್ಟನ್ನು ದಾಳದಲ್ಲಿ ಮುಟ್ಟಬೇಕು. ಭಿನ್ನರಾಶಿ ಬಂದರೆ ಕೆಳಕ್ಕೆ ಇಳಿಸಬೇಕು. 27 ಪೆಟ್ಟು ಬಿದ್ದರೆ ಎಷ್ಟು? 15 ಬಿದ್ದರೆ?

3. ಊರಿಗೆ ಫೋನ್ ಮಾಡಿದಾಗ ಅಜ್ಜಿಯನ್ನೋ ತಾತನನ್ನೋ ಕೇಳಿ: ಚೌಕಾಬಾರದಲ್ಲಿ ಕಡಿಯದೆ ಒಳಮನೆಗೆ ಹೋಗಬಹುದೇ? ಅವರು ಹೇಳಿದ್ದನ್ನು ಯಾರಿಗೂ ಎರಡು ಅರ್ಥ ಬಾರದ ಹಾಗೆ ಒಂದೇ ವಾಕ್ಯದಲ್ಲಿ ಬರೆದು ತನ್ನಿ.