ಇಂಜಿನ್ ಗಾಳಿ ಎಳೆಯುವ ಸದ್ದು: ಹೊಳೆದಂಡೆಯಲ್ಲೂ ದೋಣಿಯಲ್ಲೂ

ಪ್ರಶ್ನೆ: ನಮ್ಮದು ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣಾ ದಂಡೆಯ ಊರು. ಹೊಳೆಯಿಂದ ಹೊಲಕ್ಕೆ ನೀರೆತ್ತಲು 5 ಎಚ್‌ಪಿ ಡೀಸೆಲ್ ಇಂಜಿನ್ ಇಟ್ಟಿದ್ದೇವೆ. ಹೋದ ಬೇಸಿಗೆಯಲ್ಲಿ ಇಂಜಿನ್ ಸರಿಯಾಗಿ ಎಳೆಯುತ್ತಿಲ್ಲವೆಂದು ಏರ್ ಫಿಲ್ಟರ್ ಬಿಚ್ಚಿಟ್ಟೆವು. ಅಂದಿನಿಂದ ಗಾಳಿ ಎಳೆಯುವ ಬಾಯಿಯಲ್ಲಿ ಒಂದೇ ಸಮನೆ ‘ಭುಸ್ ಭುಸ್’ ಸದ್ದು. ಪಕ್ಕದಲ್ಲಿ ನಿಂತು ಮಾತಾಡುವುದಕ್ಕೂ ಆಗುವುದಿಲ್ಲ. ಮಲ್ಪೆಯಲ್ಲಿ ಮೀನಿನ ದೋಣಿಗೆ ದುಡಿಯಲು ಹೋಗಿರುವ ನಮ್ಮ ಅಣ್ಣನ ಮಗ, “ನಮ್ಮ ದೋಣಿ ಇಂಜಿನ್ನಿಗೂ ಇದೇ ರೋಗ ಕಾಕಾ. ಆದ್ರ ಅದು ಭುಸ್ ಅನ್ನಂಗಿಲ್ಲ, ಗುಂಯ್ ಅಂತದ” ಎನ್ನುತ್ತಾನೆ. ಎರಡಕ್ಕೂ ಕಾರಣ ಒಂದೆಯೇ? ಬಾಯಿಗೆ ಗೋಣಿಚೀಲ ಸುತ್ತಿದರೆ ಸದ್ದು ನಿಲ್ಲುತ್ತದೆಯೇ?

ಉತ್ತರ: ಕಾರಣ ಒಂದೇ. ಗೋಣಿಚೀಲ ಮಾತ್ರ ಸುತ್ತಬೇಡಿ. ಬಿಚ್ಚಿಟ್ಟ ಏರ್ ಫಿಲ್ಟರನ್ನು ಹುಡುಕಿ ತೆಗೆದು, ತೊಳೆದು, ಎಣ್ಣೆ ಹಾಕಿ ಮತ್ತೆ ಕೂಡಿಸಿ. ಸದ್ದಿನ ಬಹುಪಾಲು ಅಲ್ಲಿಗೇ ಅಡಗುತ್ತದೆ. ಆ ಡಬ್ಬಿಗೆ ದೂಳು ತಡೆಯುವುದೊಂದೇ ಕೆಲಸವೆಂದು ಬಹಳ ಮಂದಿ ತಿಳಿದಿದ್ದಾರೆ. ಸದ್ದು ನುಂಗುವುದೂ ಅದರದೇ ಕೆಲಸ.

ಸದ್ದು ಹುಟ್ಟುವುದು ಹೀಗೆ. ಪಿಸ್ಟನ್ ಕೆಳಗಿಳಿಯುವಾಗ ಗಾಳಿಯ ವಾಲ್ವ್ ತೆರೆಯುತ್ತದೆ, ಹೊರಗಿನ ಗಾಳಿ ಕೊಳವೆಯೊಳಗೆ ನುಗ್ಗುತ್ತದೆ. ವಾಲ್ವ್ ಮುಚ್ಚಿದ ಕೂಡಲೇ ಓಡಿ ಬರುತ್ತಿದ್ದ ಗಾಳಿಗೆ ದಾರಿ ಕಟ್ಟಿ, ಒತ್ತಡದ ಅಲೆಯೊಂದು ಹಿಂದಕ್ಕೆ ಪುಟಿದು ಕೊಳವೆಯ ಬಾಯಿಗೆ ಬರುತ್ತದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿಯ ದಾರಿಗೆ ಅಡ್ಡವಾಗಿ ಥ್ರಾಟಲ್ ತಟ್ಟೆ ಇರುತ್ತದೆ. ನಿಧಾನ ಓಟದಲ್ಲಿ ಅದು ಸದ್ದನ್ನು ಅಷ್ಟಿಷ್ಟು ತಡೆಯುತ್ತದೆ. ನಿಮ್ಮ ಡೀಸೆಲ್ ಇಂಜಿನ್ನಿಗೆ ಆ ತಟ್ಟೆ ಇಲ್ಲ. ಫಿಲ್ಟರ್ ಬಿಚ್ಚಿದರೆ ವಾಲ್ವಿನಿಂದ ನಿಮ್ಮ ಕಿವಿಗೆ ನೇರ ದಾರಿ.

ನಮ್ಮ ಹೊಲಗಳಲ್ಲಿ ಹೆಸರುವಾಸಿಯಾದ ಕಿರ್ಲೋಸ್ಕರ್ ಎವಿ1 ಇಂಜಿನ್ನಿನ ಅಳತೆ ಹಿಡಿದು ಲೆಕ್ಕ ಹಾಕೋಣ. ಸಿಲಿಂಡರಿನ ಅಗಲ 80 ಮಿ.ಮೀ., ಪಿಸ್ಟನ್ನಿನ ಓಡಾಟ 110 ಮಿ.ಮೀ., ಒಳಗಿನ ಜಾಗ 553 ಸಿಸಿ, ಓಟ ನಿಮಿಷಕ್ಕೆ 1500 ಸುತ್ತು. ಇದು ಫೋರ್‌ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಮ್ಮೆ ಗಾಳಿ ಎಳೆಯುತ್ತದೆ. ಅಂದರೆ ನಿಮಿಷಕ್ಕೆ 750 ಸಲ, ಸೆಕೆಂಡಿಗೆ ಹನ್ನೆರಡೂವರೆ ಸಲ. ಮನುಷ್ಯರ ಕಿವಿ ಸೆಕೆಂಡಿಗೆ ಸುಮಾರು 20ಕ್ಕಿಂತ ಕಡಿಮೆ ಬಡಿತವನ್ನು ಒಂದೇ ಸ್ವರವಾಗಿ ಹಿಡಿಯಲಾರದು, ಬಿಡಿಬಿಡಿಯಾಗಿ ಕೇಳುತ್ತದೆ. ಹೀಗಾಗಿ ನಿಮ್ಮ ಇಂಜಿನ್ನಿನ ಒಂದೊಂದು ಎಳೆತವೂ ಬೇರೆ ಬೇರೆ ‘ಭುಸ್’ ಆಗಿ ಕೇಳಿಸುತ್ತದೆ.

ಈಗ ಮಲ್ಪೆಗೆ ಹೋಗೋಣ. ಕರಾವಳಿಯ ನಾಡದೋಣಿಗಳ ಹಿಂಬದಿಗೆ ಕಟ್ಟುವ ಸೀಮೆಎಣ್ಣೆಯ ಔಟ್‌ಬೋರ್ಡ್ ಇಂಜಿನ್‌ಗಳು ಹೆಚ್ಚಾಗಿ ಟೂಸ್ಟ್ರೋಕ್. ಅವು ಪ್ರತಿ ಸುತ್ತಿಗೂ ಉಸಿರೆಳೆಯುತ್ತವೆ. ನಿಮಿಷಕ್ಕೆ 5000 ಸುತ್ತು ಓಡಿದರೆ ಒಂದೊಂದು ಸಿಲಿಂಡರಿನಿಂದ ಸೆಕೆಂಡಿಗೆ 83 ಎಳೆತ. ಟ್ರಾಲ್ ದೋಣಿಯ ಹೊಟ್ಟೆಯಲ್ಲಿ ಕೂತ ಆರು ಸಿಲಿಂಡರಿನ ಡೀಸೆಲ್ ಇಂಜಿನ್ 1800 ಸುತ್ತಿನಲ್ಲಿ ಸೆಕೆಂಡಿಗೆ 90 ಸಲ ಎಳೆಯುತ್ತದೆ. ಇಷ್ಟು ಬೇಗ ಬಂದ ಬಡಿತಗಳು ಕಿವಿಯಲ್ಲಿ ಒಂದಕ್ಕೊಂದು ಕೂಡಿಕೊಂಡು ‘ಗುಂಯ್’ ಆಗುತ್ತವೆ. ನಿಮ್ಮ ಅಣ್ಣನ ಮಗ ಹೇಳಿದ್ದು ಸರಿಯಾಗಿಯೇ ಇದೆ.

ಫಿಲ್ಟರ್ ಡಬ್ಬಿ ಈ ಸದ್ದನ್ನು ಹೇಗೆ ಅಡಗಿಸುತ್ತದೆ? ಸಣ್ಣ ಕೊಳವೆಯಲ್ಲಿ ಬಂದ ಅಲೆ ಒಮ್ಮೆಲೇ ಅಗಲವಾದ ಜಾಗಕ್ಕೆ ಬಿದ್ದರೆ ಅದರ ಬಹುಪಾಲು ಹಿಂದಕ್ಕೆ ತಿರುಗುತ್ತದೆ. ಮುಂದೆ ಹೋದ ಅಲ್ಪ ಭಾಗಕ್ಕೆ ಜಾಲಿಯ ಸಂದುಗೊಂದುಗಳಲ್ಲಿ ಕಸುವು ಉಳಿಯುವುದಿಲ್ಲ. ಖಾಲಿ ಬಿಂದಿಗೆಯ ಬಾಯಿಗೆ ಅಡ್ಡಲಾಗಿ ಊದಿದರೆ ಬಿಂದಿಗೆ ತನ್ನದೇ ಒಂದು ಸ್ವರದಲ್ಲಿ ಮಿಡಿಯುತ್ತದಲ್ಲ, ಹಾಗೆ ಪ್ರತಿ ಡಬ್ಬಿಗೂ ಅದರ ಹೊಟ್ಟೆಯ ಗಾತ್ರ ಮತ್ತು ಕುತ್ತಿಗೆಯ ಉದ್ದಕ್ಕೆ ತಕ್ಕ ಒಂದು ಸ್ವರ ಇರುತ್ತದೆ. ಇಂಜಿನ್ ತಯಾರಿಸುವವರು ಆ ಲೆಕ್ಕ ನೋಡಿಯೇ ಡಬ್ಬಿಯ ಅಳತೆ ಗೊತ್ತುಮಾಡುತ್ತಾರೆ. ಆದ್ದರಿಂದ ಕೈಗೆ ಸಿಕ್ಕ ಬೇರೆ ಡಬ್ಬಿ ಕೂಡಿಸುವುದಕ್ಕಿಂತ ನಿಮ್ಮ ಇಂಜಿನ್ನಿನದೇ ಆದ ಫಿಲ್ಟರ್ ಇಟ್ಟರೆ ಒಳ್ಳೆಯದು.

ಸದ್ದಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಮೇಲಿನ ಲೆಕ್ಕದಂತೆ ಈ ಪುಟ್ಟ ಇಂಜಿನ್ ಗಂಟೆಗೆ 20 ಸಾವಿರ ಲೀಟರಿಗೂ ಹೆಚ್ಚು ಗಾಳಿ ಕುಡಿಯುತ್ತದೆ. ದೇವದುರ್ಗ, ಮಾನ್ವಿ ಕಡೆಯ ಎರೆಹೊಲದಲ್ಲಿ ಬೇಸಿಗೆಯ ಗಾಳಿ ಎಂಥದ್ದೆಂದು ನಿಮಗೆ ನಾನು ಹೇಳಬೇಕಿಲ್ಲ. ಆ ದೂಳಿನಲ್ಲಿರುವ ಸಣ್ಣ ಮರಳಿನ ಕಣ ಎಣ್ಣೆಯೊಂದಿಗೆ ಸೇರಿ ಲೈನರ್ ಮತ್ತು ರಿಂಗನ್ನು ಉಜ್ಜುತ್ತದೆ. ಮುಂದೆ ಇಂಜಿನ್ ಎಣ್ಣೆ ಕುಡಿಯತೊಡಗುತ್ತದೆ, ನೀಲಿ ಹೊಗೆ ಬಿಡುತ್ತದೆ, ಬೆಳಗ್ಗೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಹತ್ತುವುದಿಲ್ಲ. ಫಿಲ್ಟರ್ ಬಿಚ್ಚಿದ ದಿನ ಇಂಜಿನ್ ಚೆನ್ನಾಗಿ ಎಳೆದದ್ದು ನಿಜವಿರಬಹುದು. ಅದರ ಅರ್ಥ ಫಿಲ್ಟರ್ ಕಟ್ಟಿಕೊಂಡಿತ್ತು, ತೊಳೆಯಬೇಕಿತ್ತು ಎಂದಷ್ಟೇ. ಒಂದು ಸಲದ ತೊಳೆತ ಉಳಿಸಲು ಹೋಗಿ ಲೈನರ್, ಪಿಸ್ಟನ್, ರಿಂಗ್ ಮೂರನ್ನೂ ಬದಲಿಸುವ ಖರ್ಚು ಮೈಮೇಲೆ ಎಳೆದುಕೊಂಡಂತಾಗುತ್ತದೆ.

ತೊಳೆಯುವುದು ಕಷ್ಟದ ಕೆಲಸವಲ್ಲ. ನಿಮ್ಮದು ಎಣ್ಣೆಯ ಬಟ್ಟಲಿರುವ ಹಳೆ ಮಾದರಿಯ ಫಿಲ್ಟರ್ ಆಗಿದ್ದರೆ ಗಾಳಿ ಮೊದಲು ಕೆಳಗಿಳಿದು, ಎಣ್ಣೆಯ ಮೇಲೆ ಥಟ್ಟನೆ ತಿರುಗಿ, ಜಾಲಿಯ ಮೂಲಕ ಮೇಲೇರುತ್ತದೆ. ತಿರುಗುವಾಗ ಭಾರದ ದೂಳು ಎಣ್ಣೆಗೆ ಬೀಳುತ್ತದೆ, ಉಳಿದದ್ದು ಎಣ್ಣೆ ಹತ್ತಿದ ಜಾಲಿಗೆ ಅಂಟುತ್ತದೆ. ಇಂಜಿನ್ ನಿಲ್ಲಿಸಿ, ಆರಿದ ಮೇಲೆ ಬಟ್ಟಲು ಬಿಚ್ಚಿ. ತಳದ ಕೆಸರು ತೆಗೆಯಿರಿ. ಜಾಲಿಯನ್ನು ಡೀಸೆಲ್ಲಿನಲ್ಲಿ ಅದ್ದಿ ತೊಳೆದು, ಪೂರ್ತಿ ಸೋರಿ ಒಣಗಲು ಬಿಡಿ. ಹೊಸ ಎಣ್ಣೆಯನ್ನು ಬಟ್ಟಲಿನ ಗುರುತಿನವರೆಗೆ ಮಾತ್ರ ತುಂಬಿ. ಕಡಿಮೆಯಾದರೆ ದೂಳು ದಾಟುತ್ತದೆ. ಹೆಚ್ಚಾದರೆ ಇಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಉರಿಸಿ, ಕೈಗೆ ಸಿಗದಂತೆ ವೇಗ ಏರಿಸಿಕೊಳ್ಳುವ ಅಪಾಯವಿದೆ. ದೂಳಿನ ದಿನಗಳಲ್ಲಿ ಬಟ್ಟಲನ್ನು ದಿನಾ ನೋಡಬೇಕು. ಕಾಗದದ ಫಿಲ್ಟರ್ ಆಗಿದ್ದರೆ ತೊಳೆಯಬೇಡಿ, ಬದಲಿಸಿ.

ಗೋಣಿಚೀಲ ಬೇಡವೆಂದದ್ದು ಇದಕ್ಕೇ. ಗೋಣಿ ಗಾಳಿಯನ್ನು ತಡೆಯುತ್ತದೆ, ದೂಳನ್ನು ತಡೆಯುವುದಿಲ್ಲ. ಗಾಳಿ ಸಾಲದ ಇಂಜಿನ್ ಕರಿ ಹೊಗೆ ಕಾರುತ್ತದೆ, ಡೀಸೆಲ್ ಹೆಚ್ಚು ಸುಡುತ್ತದೆ. ಅದರ ನಾರು ಕಿತ್ತು ಒಳಗೆ ಹೋದರೆ ವಾಲ್ವಿನ ಕೆಳಗೆ ಸಿಕ್ಕಿಕೊಳ್ಳುತ್ತದೆ.

ಫಿಲ್ಟರ್ ಕೂಡಿಸಿದ ಮೇಲೂ ಸದ್ದು ಉಳಿದರೆ ಅದು ಯಾವ ಬಗೆಯದೆಂದು ಕಿವಿಗೊಟ್ಟು ಕೇಳಿ. ಒಂದು ಮೀಟರ್ ಉದ್ದದ ರಬ್ಬರ್ ಪೈಪಿನ ಒಂದು ತುದಿ ಕಿವಿಯ ಬಳಿ ಇಟ್ಟುಕೊಂಡು, ಇನ್ನೊಂದು ತುದಿಯನ್ನು ಗಾಳಿ ಕೊಳವೆಯ ಕೂಡುಗಳ ಮೇಲೆ ಆಡಿಸಿ. ಬೆಲ್ಟು, ಫ್ಲೈವ್ಹೀಲ್‌ಗಳಿಂದ ದೂರ ನಿಲ್ಲಿ. ಹೆಗಲ ಮೇಲಿನ ಟವೆಲ್ಲನ್ನು ಮೊದಲು ತೆಗೆದಿಡಿ.

ಸಿಳ್ಳೆಯಂಥ ಸಣ್ಣ ಸದ್ದು ಬಂದರೆ ಎಲ್ಲೋ ಕಿರಿದಾದ ಸೀಳಿನಲ್ಲಿ ಗಾಳಿ ನುಸುಳುತ್ತಿದೆ. ಸಡಿಲಾದ ಕ್ಲಿಪ್ಪು, ಬಿಸಿಲಿಗೆ ಸೀಳಿದ ರಬ್ಬರ್ ಹೋಸ್, ಇಲ್ಲವೇ ಹೆಡ್ಡಿಗೆ ಕೂಡುವಲ್ಲಿ ಹಾಳಾದ ಪ್ಯಾಕಿಂಗ್, ಈ ಮೂರರಲ್ಲಿ ಒಂದು. ಅನುಮಾನವಿದ್ದ ಕಡೆ ಸಾಬೂನಿನ ನೀರು ಸವರಿ ನೋಡಿ. ಆ ಕ್ಷಣಕ್ಕೆ ಸಿಳ್ಳೆ ಬದಲಾದರೆ ಜಾಗ ಅದೇ. ಪೆಟ್ರೋಲ್, ಡೀಸೆಲ್ ಎರಚಿ ಪರೀಕ್ಷಿಸುವವರಿದ್ದಾರೆ. ಓಡುವ ಇಂಜಿನ್ನಿನ ಬಳಿ ಅದು ಬೆಂಕಿಯೊಂದಿಗೆ ಆಟ. ಫಿಲ್ಟರಿನಿಂದ ಇಂಜಿನ್ ಕಡೆಗೆ ಸೀಳಿದ್ದರೆ ಬೇಗ ಸರಿಮಾಡಿಸಿ, ಏಕೆಂದರೆ ಅಲ್ಲಿ ಹೊಕ್ಕ ದೂಳಿಗೆ ಯಾವ ತಡೆಯೂ ಇಲ್ಲ.

ಗಾಳಿ ಎಳೆಯುವ ಬಾಯಿಯಿಂದಲೇ ‘ಚಫ್ ಚಫ್’ ಎಂದು ಹೊರಕ್ಕೆ ಉಗುಳಿದಂತೆ ಕೇಳಿ, ಜೊತೆಗೆ ಹೊಗೆಯ ಎಳೆಯೂ ಕಂಡರೆ ಗಾಳಿ ವಾಲ್ವ್ ಸರಿಯಾಗಿ ಕೂಡುತ್ತಿಲ್ಲ. ಟ್ಯಾಪೆಟ್ ಬಿಗಿಯಾಗಿರಬಹುದು, ವಾಲ್ವಿನ ಸೀಟಿಗೆ ಕರಿ ಹಿಡಿದಿರಬಹುದು ಅಥವಾ ಅದು ಸುಟ್ಟಿರಬಹುದು. ಇದು ಮಿಸ್ತ್ರಿ ಮಾಡುವ ಕೆಲಸ. ಟ್ಯಾಪೆಟ್ಟಿನ ಸಂದು ಎಷ್ಟಿರಬೇಕೆಂದು ಇಂಜಿನ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಅದನ್ನು ಮಿಸ್ತ್ರಿಯ ಕೈಗೆ ಕೊಟ್ಟು, ಫೀಲರ್ ಗೇಜಿನಿಂದ ಅಳೆಯಲು ಹೇಳಿ.

ಸದ್ದು ಹೊಗೆಯ ಕೊಳವೆಯ ಕಡೆಯಿಂದ ಬರುತ್ತಿದ್ದರೆ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದೆಯೇ ನೋಡಿ. ಇಂಜಿನ್ನಿನ ಕೆಳಭಾಗದಲ್ಲಿ ‘ಟಕ್ ಟಕ್’ ಎಂದು ಬಡಿದರೆ ಇವೆರಡೂ ಅಲ್ಲ, ಬೇರಿಂಗಿನ ಕೇಸು. ಕೂಡಲೇ ಇಂಜಿನ್ ನಿಲ್ಲಿಸಿ.

ಇನ್ನು ದೋಣಿಯ ವಿಷಯ. ನೀರಿನ ಮೇಲೆ ದೂಳು ಕಡಿಮೆಯಾದ್ದರಿಂದ ಅನೇಕ ದೋಣಿ ಇಂಜಿನ್‌ಗಳಿಗೆ ದೊಡ್ಡ ಫಿಲ್ಟರ್ ಇರುವುದಿಲ್ಲ. ಜಾಲಿ ಇಟ್ಟ ಸಣ್ಣ ಡಬ್ಬಿಯೊಂದೇ ಸದ್ದನ್ನು ತಡೆಯಬೇಕು. ಅದು ಕಳಚಿ ಬಿದ್ದರೆ ಇಡೀ ದೋಣಿಯೇ ಗುಂಯ್‌ಗುಡುತ್ತದೆ. ಔಟ್‌ಬೋರ್ಡಿನಲ್ಲಿ ಮೇಲಿನ ಮುಚ್ಚಳವೂ ಸದ್ದಿನ ತಡೆಯೇ. ಕೃಷ್ಣೆಗೆ ಪ್ರವಾಹ ಬಂದಾಗ ರಾಯಚೂರು ತಾಲ್ಲೂಕಿನ ನಡುಗಡ್ಡೆಗಳ ಜನರನ್ನು ಕರೆತರಲು ಓಡುವ ರಬ್ಬರ್ ದೋಣಿಗಳಲ್ಲಿ ಈ ಬಗೆಯ ಇಂಜಿನ್ನನ್ನು ನೀವು ನೋಡಿರುತ್ತೀರಿ. ಮುಚ್ಚಳದ ಅಂಚಿಗಿರುವ ರಬ್ಬರ್ ಸೀಲು ಹರಿದರೂ, ಕೊಂಡಿ ಸಡಿಲಾದರೂ ಸದ್ದು ಏರುತ್ತದೆ. ಮೊದಲು ಅದನ್ನು ನೋಡಲು ನಿಮ್ಮ ಅಣ್ಣನ ಮಗನಿಗೆ ಹೇಳಿ.

ಯಾವುದೋ ಒಂದು ವೇಗದಲ್ಲಿ ಮಾತ್ರ ಸದ್ದು ವಿಪರೀತವಾಗಿ, ಸ್ವಲ್ಪ ಹೆಚ್ಚುಕಡಿಮೆ ಮಾಡಿದರೆ ತಗ್ಗುತ್ತಿದ್ದರೆ ಅದು ಗಾಳಿ ಕೊಳವೆಯ ಉದ್ದದ ಆಟ. ಒಂದು ತುದಿ ಮುಚ್ಚಿದ ಕೊಳವೆ, ತನ್ನ ಉದ್ದದ ನಾಲ್ಕು ಪಟ್ಟು ಇರುವ ಅಲೆಗೆ ಮಿಡಿಯುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 350 ಮೀಟರ್ ಎಂದು ಹಿಡಿದರೆ, ಸೆಕೆಂಡಿಗೆ 83 ಬಡಿತಕ್ಕೆ ಮಿಡಿಯುವ ಕೊಳವೆಯ ಉದ್ದ ಹೆಚ್ಚುಕಡಿಮೆ ಒಂದು ಮೀಟರ್. ಅಷ್ಟು ಉದ್ದದ ಹೋಸ್ ಇದ್ದರೆ ಅದನ್ನು ಗೇಣುದ್ದ ಮೊಟಕು ಮಾಡಿ ಅಥವಾ ಉದ್ದ ಮಾಡಿ ನೋಡಬಹುದು. ಅಗಲವನ್ನು ಮಾತ್ರ ಕಡಿಮೆ ಮಾಡಬಾರದು. ಎಳೆತಕ್ಕೆ ಒಳಕ್ಕೆ ಕುಸಿಯದಂಥ, ತಂತಿ ಸುತ್ತಿದ ಹೋಸನ್ನೇ ಹಾಕಬೇಕು.

ಇಂಜಿನ್ ಸುತ್ತ ಪೆಟ್ಟಿಗೆ ಕಟ್ಟಿದರೆ ಸದ್ದು ಇನ್ನೂ ತಗ್ಗುತ್ತದೆ, ಹೊಳೆದಂಡೆಯ ಶೆಡ್ಡಿಗೂ ಇದು ಹೊಂದುತ್ತದೆ. ಆದರೆ ಗಾಳಿಗೆ ಧಾರಾಳ ಕಿಂಡಿ ಬಿಡಬೇಕು. ಒಳಮೈಗೆ ಹಾಸಿಗೆಯ ಸ್ಪಂಜು, ಥರ್ಮೋಕೋಲ್ ಅಂಟಿಸಬಾರದು, ಎಣ್ಣೆ ಕುಡಿದ ಸ್ಪಂಜಿಗೆ ಕಿಡಿಯೊಂದು ಸಾಕು. ಗಾಳಿ ಎಳೆಯುವ ಬಾಯಿ ಹೊಗೆಯ ಕಡೆಗೂ ನೀರಿನ ಸಿಡಿತದ ಕಡೆಗೂ ಇರಬಾರದು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ನೀರು ಸಿಕ್ಕಿಕೊಂಡಾಗ ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟು, ಹೂವಿನಹೆಡಗಿ ಸೇತುವೆ ಮುಳುಗುವಂಥ ದಿನಗಳಲ್ಲಿ ದಂಡೆಯ ಇಂಜಿನ್ ಮುಳುಗಿದರೆ, ನೀರಿಳಿದ ಕೂಡಲೇ ಹ್ಯಾಂಡಲ್ ಹಾಕಬೇಡಿ. ಮೊದಲು ಇಂಜೆಕ್ಟರ್ ಬಿಚ್ಚಿಸಿ, ಒಳಗಿನ ನೀರು ಹೊರಹಾಕಿಸಿ, ಎಣ್ಣೆ ಬದಲಿಸಿ.

ಕಿವಿಯ ಬಗ್ಗೆಯೂ ಎಚ್ಚರವಿರಲಿ. ದಿನಕ್ಕೆ ಎಂಟು ಗಂಟೆ ಕೇಳುವ ಸದ್ದು 85 ಡೆಸಿಬಲ್ ದಾಟಬಾರದೆಂಬುದು ವೃತ್ತಿ ಆರೋಗ್ಯದ ತಜ್ಞರು ಹಾಕಿರುವ ಮಿತಿ. ಅದರ ಮೇಲೆ ಪ್ರತಿ 3 ಡೆಸಿಬಲ್ ಏರಿದರೆ ಕೇಳಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ. 88ಕ್ಕೆ ನಾಲ್ಕೇ ಗಂಟೆ. ಕೈಯಳತೆಯಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕಾಗಿ ಬಂದರೆ ಆ ಮಿತಿ ದಾಟಿತೆಂದೇ ತಿಳಿಯಿರಿ. ಹತ್ತಿ ತುರುಕಿಕೊಂಡರೆ ಅಷ್ಟು ಉಪಯೋಗವಿಲ್ಲ, ಔಷಧಿ ಅಂಗಡಿಯಲ್ಲಿ ಸಿಗುವ ಇಯರ್‌ಪ್ಲಗ್ ವಾಸಿ.

ಒಟ್ಟಿನಲ್ಲಿ ನಿಮಗೆ ಬೇಕಾದದ್ದು ತೊಳೆದ ಫಿಲ್ಟರ್, ಬಟ್ಟಲಿಗೆ ಎಣ್ಣೆ, ಒಂದೆರಡು ಹೋಸ್ ಕ್ಲಿಪ್ಪು, ಒಂದು ಹೊಸ ಪ್ಯಾಕಿಂಗ್. ಇಷ್ಟೂ ದೇವದುರ್ಗದಲ್ಲಿ ಸಿಗದಿದ್ದರೆ ರಾಯಚೂರಿನ ಇಂಜಿನ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಹೋಗುವಾಗ ಹಳೆಯ ಪ್ಯಾಕಿಂಗನ್ನೂ ಇಂಜಿನ್ನಿನ ನಂಬರನ್ನೂ ಜೊತೆಗೆ ಒಯ್ಯಿರಿ, ಅಳತೆ ತಪ್ಪುವುದಿಲ್ಲ. ಮತ್ತೆ ಫಿಲ್ಟರ್ ಬಿಚ್ಚಿ ಇಂಜಿನ್ ಓಡಿಸಬೇಡಿ.