ಮನೆಯ ಕಾರ್ಯಾಗಾರದಲ್ಲಿ ಲೋಹ ಕತ್ತರಿಸುವುದು: ವಿಧಾನಗಳ ತುಲನೆ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳ ಗ್ರಾಮಗಳಲ್ಲಿ ಕಮ್ಮಾರಿಕೆಯ ಸ್ವರೂಪ ಬದಲಾಗಿದೆ. ಕುಡಗೋಲು, ಕೊಡಲಿ, ಕುಂಟೆಯ ಕುಡ ಹದ ಮಾಡುತ್ತಿದ್ದ ಪಡಸಾಲೆಯಲ್ಲಿಯೇ ಇಂದು ಕಬ್ಬಿನ ಟ್ರೇಲರ್ ದುರಸ್ತಿ, ಗೇಟು ಮತ್ತು ಕಿಟಕಿಗಳ ತಯಾರಿಕೆ, ಮಗ್ಗದ ಬಿಡಿಭಾಗಗಳ ಕೆಲಸ ನಡೆಯುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನ ಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ಗ್ರಾಮೀಣ ಅರ್ಜಿಗಳ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯತಿಯದೇ. ಉಪಕರಣಗಳಿಗಾಗಿ 15,000 ರೂಪಾಯಿವರೆಗೆ ಪ್ರೋತ್ಸಾಹಧನ ದೊರೆಯುತ್ತದೆ. ಮೊದಲ ಕಂತಿನಲ್ಲಿ 1 ಲಕ್ಷ ರೂಪಾಯಿವರೆಗೆ ಶೇ. 5ರ ಬಡ್ಡಿಯ ಸಾಲವಿದೆ. ಯಾವ ಯಂತ್ರ ಕೊಳ್ಳಬೇಕೆಂದು ಅರ್ಜಿದಾರರು ಮೊದಲು ಕೇಳುವುದು ತಮ್ಮ ವಾರ್ಡಿನ ಸದಸ್ಯರನ್ನೇ. ಆ ಯಂತ್ರದ ಕಿಡಿ ಪಕ್ಕದ ಬಣವೆಗೆ ಹಾರಿದಾಗ ದೂರು ಬರುವುದೂ ಅವರ ಬಳಿಗೇ. ಆದುದರಿಂದ ಈ ವಿಷಯವನ್ನು ಸದಸ್ಯರು ತಿಳಿದಿರುವುದು ಅವಶ್ಯ.

ಅತ್ಯಂತ ಅಗ್ಗದ ಸಾಧನ ಹ್ಯಾಕ್ಸಾ. ಇದಕ್ಕೆ ವಿದ್ಯುತ್ ಬೇಡ, ಇದರಿಂದ ಕಿಡಿ ಇಲ್ಲ, ಶಬ್ದವೂ ಕಡಿಮೆ. ಒಂದು ಅಂಗುಲಕ್ಕೆ 18, 24 ಅಥವಾ 32 ಹಲ್ಲುಗಳಿರುವ ಬ್ಲೇಡುಗಳು ದೊರೆಯುತ್ತವೆ. ಕತ್ತರಿಸುವ ವಸ್ತುವಿನ ದಪ್ಪದ ಮೇಲೆ ಸದಾ ಮೂರು ಹಲ್ಲುಗಳಾದರೂ ಕೂಡಬೇಕೆಂಬುದು ನಿಯಮ. ಅಂದರೆ 24 ಹಲ್ಲಿನ ಬ್ಲೇಡಿಗೆ ಸುಮಾರು 3 ಮಿಲಿಮೀಟರ್ ದಪ್ಪ ಬೇಕು. ತೆಳುವಾದ ಪೈಪಿಗೆ 18 ಹಲ್ಲಿನ ಬ್ಲೇಡು ಹಾಕಿ, ಹಲ್ಲು ಮುರಿದಾಗ ಬ್ಲೇಡಿನ ಗುಣಮಟ್ಟವನ್ನು ದೂರುವವರೇ ಹೆಚ್ಚು. ಭದ್ರವಾದ ವೈಸ್ ಇಲ್ಲದಿದ್ದರೆ ಹ್ಯಾಕ್ಸಾದಿಂದ ನೆಟ್ಟಗೆ ಕೊಯ್ಯಲಾಗದು. ನನ್ನ ಅಭಿಪ್ರಾಯದಲ್ಲಿ ಪ್ರೋತ್ಸಾಹಧನದ ಮೊದಲ ಪಾಲು ಒಳ್ಳೆಯ ವೈಸ್‌ಗೆ ಸಲ್ಲಬೇಕು.

ಲಾರಿಯ ಕಮಾನು ಪಟ್ಟಿಯಿಂದ ಕುಡಗೋಲು ಮಾಡುವವರಿಗೆ ಹ್ಯಾಕ್ಸಾ ಉಪಯೋಗಕ್ಕೆ ಬಾರದು. ಆ ಉಕ್ಕು ಹದಗೊಂಡದ್ದು. ಬ್ಲೇಡು ಅದರ ಮೇಲೆ ಜಾರುತ್ತದೆ. ಗ್ರೈಂಡರ್ ಕತ್ತರಿಸುತ್ತದೆಯಾದರೂ ಅಂಚು ನೀಲಿಗಟ್ಟುವಷ್ಟು ಕಾದರೆ ಅಲ್ಲಿನ ಹದ ಇಳಿಯುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಉಳಿಯಿಟ್ಟು ಬಡಿದು ತುಂಡರಿಸಿ, ಕಡೆಗೆ ಮತ್ತೆ ಹದ ಕೊಡುವ ಹಿರಿಯರ ಪದ್ಧತಿಯೇ ಇಲ್ಲಿ ಸೂಕ್ತ. ಕುಲುಮೆ ಹಳತಾಯಿತೆಂದು ಕಿತ್ತುಹಾಕುವ ಅವಸರ ಬೇಡ.

ಇನ್ನು ಕೈ ಗ್ರೈಂಡರ್. ಪ್ರತಿಯೊಂದು ಅರ್ಜಿದಾರನೂ ಬಯಸುವ ಯಂತ್ರವಿದು. ಮನೆಯ ಸಾಮಾನ್ಯ ವಿದ್ಯುತ್ ಸಂಪರ್ಕದಲ್ಲಿ ನಡೆಯುತ್ತದೆ, ಆಂಗಲ್, ಸರಳು, ಪೈಪು ಎಲ್ಲವನ್ನೂ ಕತ್ತರಿಸುತ್ತದೆ. ಅಪಾಯವೂ ಇದರಲ್ಲಿಯೇ ಅಧಿಕ. 100 ಮಿಲಿಮೀಟರ್ ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗಿದಾಗ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 58 ಮೀಟರ್, ಅಂದರೆ ಗಂಟೆಗೆ 200 ಕಿಲೋಮೀಟರಿಗಿಂತ ಹೆಚ್ಚು. ಇಂತಹ ಡಿಸ್ಕುಗಳ ಸಾಮಾನ್ಯ ಮಿತಿ ಸೆಕೆಂಡಿಗೆ 80 ಮೀಟರ್. ಗಾರ್ಡ್ ತೆಗೆದು, ಬುಷ್ ಹಾಕಿ, ಇದೇ ಯಂತ್ರಕ್ಕೆ 180 ಮಿಲಿಮೀಟರ್ ಡಿಸ್ಕ್ ಕೂಡಿಸಿದರೆ ವೇಗ 103 ಮೀಟರ್ ದಾಟುತ್ತದೆ. ಆಗ ಡಿಸ್ಕ್ ಸಿಡಿಯುವುದು ದುರದೃಷ್ಟವಲ್ಲ, ಲೆಕ್ಕ. ಕಟ್ಟಿಗೆ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವುದು ಇದಕ್ಕಿಂತಲೂ ಕೆಟ್ಟದ್ದು. ಅದು ಸಿಕ್ಕಿಕೊಂಡರೆ ಯಂತ್ರವೇ ಕೈಯಿಂದ ಚಿಮ್ಮುತ್ತದೆ. ಡಿಸ್ಕಿನ ಮೇಲೆ ಗರಿಷ್ಠ ಸುತ್ತುಗಳನ್ನೂ ಬಳಕೆಯ ಕೊನೆಯ ತಿಂಗಳು-ವರ್ಷವನ್ನೂ ಮುದ್ರಿಸಿರುತ್ತಾರೆ. ಔಷಧದ ಬಾಟಲಿಯ ಮೇಲೆ ದಿನಾಂಕ ನೋಡುವಂತೆ ಅದನ್ನೂ ನೋಡಬೇಕು. ಕಣ್ಣಿನ ಕನ್ನಡಕ ಕಡ್ಡಾಯ. ಸಡಿಲ ತೋಳು, ಹೆಗಲ ಮೇಲಿನ ಟವೆಲ್ ಸಲ್ಲದು.

14 ಇಂಚಿನ ಕಟಿಂಗ್ ಮಷಿನ್ ದಿನಕ್ಕೆ ಹತ್ತಾರು ಆಂಗಲ್ ಕತ್ತರಿಸುವವರಿಗೆ ಲಾಭದಾಯಕ. ಅಳತೆ ನೆಟ್ಟಗೆ ಬರುತ್ತದೆ. ಆದರೆ 2,200 ವ್ಯಾಟ್ ಯಂತ್ರ 230 ವೋಲ್ಟಿನಲ್ಲಿ ಸುಮಾರು 10 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಅದರ ಹಲವು ಪಟ್ಟು. ದೀಪಕ್ಕೆಂದು ಎಳೆದ ತೆಳು ತಂತಿ ಇದನ್ನು ತಾಳದು. ಪ್ರತ್ಯೇಕ ದಪ್ಪ ತಂತಿ, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಇರಬೇಕು. ವಾರಕ್ಕೊಂದು ಗೇಟು ಮಾಡುವವನಿಗೆ ಈ ಯಂತ್ರ ಅನವಶ್ಯಕ.

ದಪ್ಪ ತಗಡಿಗೆ ಗ್ಯಾಸ್ ಕಟಿಂಗ್. ಇಲ್ಲಿ ಲೋಹ ಬರಿದೇ ಕರಗುವುದಿಲ್ಲ. ಕಾದ ಕಬ್ಬಿಣ ಶುದ್ಧ ಆಮ್ಲಜನಕದ ಧಾರೆಯಲ್ಲಿ ಉರಿಯುತ್ತದೆ. ಈ ಕಾರಣದಿಂದಲೇ ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂಗಳನ್ನು ಈ ವಿಧಾನದಿಂದ ಕತ್ತರಿಸಲಾಗದು, ಬೀಡು ಕಬ್ಬಿಣವೂ ಚೆನ್ನಾಗಿ ಕಡಿಯದು. ಟ್ರೇಲರಿನ ಚಾಸಿ ಕತ್ತರಿಸಲು ಇದಕ್ಕೆ ಸಾಟಿಯಿಲ್ಲ. ಆದರೆ ಮನೆಯೊಳಗೆ ಇದಕ್ಕೆ ಸ್ಥಾನವೂ ಇಲ್ಲ. ಆಮ್ಲಜನಕದ ಸಿಲಿಂಡರಿನ ವಾಲ್ವಿಗೆ ಎಣ್ಣೆ ಅಥವಾ ಗ್ರೀಸ್ ತಾಗಿದರೆ ಬೆಂಕಿ ಹೊತ್ತಬಹುದು. ಅಸಿಟಿಲೀನ್ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿಯೇ ಬಳಸಬೇಕು. ಅಡುಗೆಮನೆಯ 14.2 ಕಿಲೋ ಸಿಲಿಂಡರನ್ನು ಈ ಕೆಲಸಕ್ಕೆ ತರುವುದು ಕಾನೂನುಬಾಹಿರ. ಪ್ಲಾಸ್ಮಾ ಯಂತ್ರ ಎಲ್ಲ ಬಗೆಯ ಲೋಹವನ್ನೂ ಕತ್ತರಿಸುತ್ತದೆ. ಅದಕ್ಕೆ ಕಂಪ್ರೆಸರ್ ಸಹ ಬೇಕಾದುದರಿಂದ ಸದ್ಯ ಇದು ದೊಡ್ಡ ವರ್ಕ್‌ಶಾಪಿನ ಮಾತು.

ನಮ್ಮ ಭಾಗಕ್ಕೆ ವಿಶೇಷವಾದ ಮೂರು ಅಪಾಯಗಳಿವೆ. ಕಬ್ಬು ಕಟಾವಿನ ಕಾಲದಲ್ಲಿ ಟ್ರೇಲರ್ ಹೊಲದಂಚಿನಲ್ಲಿಯೇ ಮುರಿದು ನಿಲ್ಲುತ್ತದೆ. ಒಣ ರವದಿಯ ನಡುವೆ ಗ್ರೈಂಡರ್ ಹಚ್ಚಿದರೆ ಇಡೀ ಪಡವೇ ಹೊತ್ತಿಕೊಳ್ಳಬಹುದು. ರಬಕವಿ-ಬನಹಟ್ಟಿ ಭಾಗದ ಮಗ್ಗದ ಮನೆಗಳಲ್ಲಿ ಹತ್ತಿಯ ನವಿರು ಧೂಳು ತೊಲೆಗಳ ಮೇಲೆ ಕೂತಿರುತ್ತದೆ. ಅದರಲ್ಲಿ ಬಿದ್ದ ಕಿಡಿ ಹೊಗೆಯಾಡುತ್ತ ತಾಸುಗಟ್ಟಲೆ ಉಳಿದು, ಬಳಿಕ ಉರಿಯಾಗುತ್ತದೆ. ಕಿಡಿ ಹಾರುವ ಕೆಲಸಕ್ಕೆ ಸುತ್ತ 35 ಅಡಿ ಬಯಲು ಬೇಕೆಂಬುದು ಬಳಕೆಯಲ್ಲಿರುವ ಅಳತೆ; ಕೆಲಸ ಮುಗಿದ ಮೇಲೂ ಅರ್ಧ ತಾಸಿಗಿಂತ ಕಡಿಮೆಯಿಲ್ಲದೆ ಕಾವಲಿರಬೇಕು. ಮೂರನೆಯದು ಖಾಲಿ ಬ್ಯಾರೆಲ್. ಡೀಸೆಲ್ ಬ್ಯಾರೆಲ್ ಖಾಲಿಯಾದರೂ ಒಳಗಿನ ಆವಿ ಖಾಲಿಯಾಗಿರುವುದಿಲ್ಲ. ದನದ ಬಾನಿ ಮಾಡಲು ಅದನ್ನು ಗ್ಯಾಸಿನಿಂದಾಗಲಿ ಗ್ರೈಂಡರಿನಿಂದಾಗಲಿ ಕತ್ತರಿಸಹೋದರೆ ಅದು ಸಿಡಿಯುತ್ತದೆ. ಕೀಟನಾಶಕದ ಡಬ್ಬಿಯಿಂದ ಬಾನಿ ಮಾಡಲೇಬಾರದು.

ಮೋಟಾರ್ ಯಂತ್ರ ಸ್ಥಾಪನೆಗೆ 1993ರ ಪಂಚಾಯತ್ ರಾಜ್ ಅಧಿನಿಯಮದಡಿ ಗ್ರಾಮ ಪಂಚಾಯತಿಯ ಅನುಮತಿ ಬೇಕು. ಅರ್ಜಿ ಬಂದಾಗ ಸದಸ್ಯರು ಸ್ಥಳಕ್ಕೆ ಹೋಗಿ, ಅರ್ಜಿದಾರನು ವಾರದಲ್ಲಿ ಏನನ್ನು, ಎಷ್ಟು ಕತ್ತರಿಸುತ್ತಾನೆಂದು ಮೊದಲು ಕೇಳಬೇಕು. ನಂತರ ತಂತಿ, ಗಾರ್ಡ್, ಪಕ್ಕದ ಬಣವೆ ನೋಡಬೇಕು. ಸಂಜೆ ಮಬ್ಬಿನಲ್ಲಿ ಹೋದರೆ ಒಳಿತು. ಕಿಡಿ ಎಲ್ಲಿಯವರೆಗೆ ಹಾರುತ್ತದೆಂಬುದು ಆಗ ಬರಿಗಣ್ಣಿಗೇ ಕಾಣುತ್ತದೆ.